ಫೋಕಸ್ ತಪ್ಪುವ ಜುಪಿಟರ್-8: ದೋಷ ಕ್ಯಾಮೆರಾದ್ದೋ, ಲೆನ್ಸಿನದೋ?

ಎಫ್ 2ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದು, ತೆಗೆದ ಯಾವ ಚಿತ್ರದಲ್ಲೂ ಮುಖ ಶಾರ್ಪ್ ಬರುತ್ತಿರಲಿಲ್ಲ. ಮುಖದ ಹಿಂದೆ ಇದ್ದದ್ದು ಬರುತ್ತಿತ್ತು. ಶಿರಸಿ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತ ಅಜ್ಜಿಯ ಕಣ್ಣಿಗೆ ಫೋಕಸ್ ಮಾಡಿದರೆ, ನೆಗೆಟಿವ್‌ನಲ್ಲಿ ಎಸಳೆಸಳಾಗಿ ಮೂಡಿದ್ದು ತುರುಬಿಗೆ ಮುಡಿದ ಅಬ್ಬಲಿಗೆ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬಲೆ ಸರಿಮಾಡುತ್ತಿದ್ದವರ ಚಿತ್ರ ತೆಗೆದೆ. ಅಲ್ಲೂ ಬೆರಳು ಮಸುಕು, ಬೆರಳ ಹಿಂದಿನ ಬಲೆ ಶಾರ್ಪ್.

ಕ್ಯಾಮೆರಾ ಜೊರ್ಕಿ-4. ಮಾಸ್ಕೋ ಹತ್ತಿರದ ಕ್ರಾಸ್ನೋಗೋರ್ಸ್ಕ್ ಕಾರ್ಖಾನೆ 1956ರಿಂದ 1973ರವರೆಗೆ ಮಾಡಿದ ಮಾಡೆಲ್. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಮಾವ ತಂದದ್ದು. ಈ ಕಾರ್ಖಾನೆಯ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ತಯಾರಾದ ವರ್ಷ ಹೇಳುತ್ತವೆ. ನಮ್ಮದರಲ್ಲಿ 64 ಎಂದಿದೆ. ಜೊತೆಗೆ ಎರಡು ಲೆನ್ಸ್ ಇವೆ. ಒಂದು ಜುಪಿಟರ್-8, 50 ಮಿ.ಮೀ. ಎಫ್ 2. ಇನ್ನೊಂದು ಇಂಡಸ್ಟಾರ್-50, ಎಫ್ 3.5. ಎರಡೂ 39 ಮಿ.ಮೀ. ಸ್ಕ್ರೂ ಮೌಂಟಿನವು, ಅಂದರೆ ಕ್ಯಾಮೆರಾಗೆ ತಿರುಗಿಸಿ ಕೂರಿಸುವಂಥವು. ಜುಪಿಟರ್-8 ಅಂದರೆ ಝೈಸ್ ಕಂಪನಿಗಾಗಿ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಸೋನಾರ್ ಲೆನ್ಸಿನ ರಷ್ಯನ್ ರೂಪ. ಪೂರ್ತಿ ತೆರೆದಾಗ ಅದು ಮುಖವನ್ನು ತೋರಿಸುವ ರೀತಿ ನನಗೆ ಬಹಳ ಇಷ್ಟ. ಕಿಂಡಿ ಕಿರಿದು ಮಾಡಿ ಎಫ್ 5.6ಕ್ಕೆ ಇಳಿಸಿದರೆ ದೋಷ ಮುಚ್ಚಿಹೋಗುತ್ತದೆ, ನಿಜ. ಆದರೆ ಹಾಗೆ ಬಳಸುವುದಾದರೆ ಆ ಲೆನ್ಸ್ ಯಾಕೆ ಬೇಕು?

ಫೋಕಸ್ ಯಾವಾಗಲೂ ಒಂದೇ ಕಡೆಗೆ ತಪ್ಪುತ್ತಿತ್ತು. ಹುಡುಕುವವರಿಗೆ ಇದು ಒಳ್ಳೆಯ ಗುರುತು. ಒಮ್ಮೆ ಮುಂದೆ, ಒಮ್ಮೆ ಹಿಂದೆ ಆಗುತ್ತಿದ್ದರೆ ಕಾರಣ ಕೈ ಅಲುಗಿದ್ದೋ, ಎದುರಿನವರು ಸ್ವಲ್ಪ ಸರಿದದ್ದೋ, ಕಣ್ಣಿನ ದಣಿವೋ ಇರಬಹುದು. ಪ್ರತಿ ಸಲ ಹಿಂದಕ್ಕೇ ಹೋಗುತ್ತಿದೆ ಅಂದರೆ ಎಲ್ಲೋ ಒಂದು ಲೋಹದ ಭಾಗ ತನ್ನ ಜಾಗದಲ್ಲಿ ಇಲ್ಲ.

ಆದರೂ ಕಣ್ಣಿನ ಲೆಕ್ಕ ಮೊದಲು ಮುಗಿಸಿಕೊಂಡೆ. ಜೊರ್ಕಿ-4ರಲ್ಲಿ ಫೋಕಸ್ ಮಾಡುವುದು ರೇಂಜ್‌ಫೈಂಡರಿನಿಂದ: ಎರಡು ಕಿಟಕಿಗಳಿಂದ ಬರುವ ಎರಡು ಬಿಂಬ ಒಂದಾಗುವವರೆಗೆ ಲೆನ್ಸಿನ ರಿಂಗ್ ತಿರುಗಿಸುವುದು. ಆ ಕಿಟಕಿಗಳ ನಡುವಿನ ಅಂತರ 38 ಮಿ.ಮೀ. ಇದು ಕಡಿಮೆಯೇ. ಫೆಡ್-2 ಎಂಬ ಇನ್ನೊಂದು ಸೋವಿಯತ್ ಕ್ಯಾಮೆರಾದಲ್ಲಿ 67 ಮಿ.ಮೀ. ಇದೆ. ಈ ಅಂತರ ಹೆಚ್ಚಿದಷ್ಟೂ ದೂರದ ಅಂದಾಜು ನಿಖರ. ಎರಡು ಬಿಂಬ ಒಂದರ ಮೇಲೊಂದು ಕೂತಿವೆಯೇ ಎಂದು ನೋಡುವಾಗ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ತಪ್ಪುತ್ತದೆ ಎಂದಿಟ್ಟುಕೊಳ್ಳಿ. ಆಗ 1.5 ಮೀಟರ್ ದೂರದಲ್ಲಿ ಬರುವ ತಪ್ಪು 2 ಸೆಂ.ಮೀ.ಗಿಂತ ಕಡಿಮೆ. ಅಜ್ಜಿಯ ಕಣ್ಣಿನಿಂದ ತುರುಬಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಈ ಕ್ಯಾಮೆರಾದಲ್ಲಿ ರಿವೈಂಡ್ ಗುಬ್ಬಿಯ ಕೆಳಗೆ ಕಣ್ಣಿನ ಪವರ್‌ಗೆ ಹೊಂದಿಸುವ ಸಣ್ಣ ಲಿವರ್ ಇದೆ. ಅದನ್ನು ನನ್ನ ಕಣ್ಣಿಗೆ ಸರಿಮಾಡಿಕೊಂಡೆ. ಅಲ್ಲಿಗೆ ನನ್ನ ಕಣ್ಣನ್ನು ಅನುಮಾನದ ಪಟ್ಟಿಯಿಂದ ತೆಗೆದೆ.

ಉಳಿದ ಅನುಮಾನ ಮೂರು. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸ್ ಮೂಲಕ ಅಲ್ಲ, ಬೇರೆ ಕಿಟಕಿಯಿಂದ. ಲೆನ್ಸಿನ ರಿಂಗ್ ತಿರುಗಿಸಿದಾಗ ಅದರ ಹಿಂದಿನ ಲೋಹದ ಅಂಚು ಕ್ಯಾಮೆರಾ ಒಳಗಿನ ಒಂದು ತೋಳನ್ನು ತಳ್ಳುತ್ತದೆ. ಆ ತೋಳಿನ ಚಲನೆಯಿಂದ ಎರಡನೇ ಬಿಂಬ ಸರಿಯುತ್ತದೆ. ಬಿಂಬಗಳು ಕೂಡಿಕೊಂಡವು ಅಂದರೆ ತೋಳು ಇಂಥ ಕಡೆ ಇದೆ ಎಂದಷ್ಟೇ ಅರ್ಥ. ಫಿಲಂ ಮೇಲೆ ಏನು ಬಿದ್ದಿದೆ ಎಂದು ಆ ಕಿಟಕಿಗೆ ಗೊತ್ತಿಲ್ಲ. ಫಿಲಂ ಮೇಲೂ ಶಾರ್ಪ್ ಬೀಳಬೇಕಾದರೆ ಮೂರು ಅಳತೆ ಸರಿ ಇರಬೇಕು. ಮೌಂಟಿನಿಂದ ಫಿಲಂವರೆಗಿನ ಅಂತರ, ಅದು ಈ ಮೌಂಟಿಗೆ 28.8 ಮಿ.ಮೀ. ಆಮೇಲೆ ರೇಂಜ್‌ಫೈಂಡರಿನ ಹೊಂದಾಣಿಕೆ. ಕೊನೆಗೆ ಲೆನ್ಸಿನ ಗಾಜಿನ ಭಾಗಕ್ಕೂ ತೋಳನ್ನು ತಳ್ಳುವ ಅಂಚಿಗೂ ಇರುವ ಅಂತರ.

ಈ ಮೂರರಲ್ಲಿ ಹೊರಗಿನಿಂದಲೇ ಸುಲಭಕ್ಕೆ ಕೈಗೆ ಸಿಗುವುದು ರೇಂಜ್‌ಫೈಂಡರಿನ ಸ್ಕ್ರೂ ಒಂದೇ. ಹಾಗಾಗಿ ಎಲ್ಲರೂ ಮೊದಲು ತಿರುಗಿಸುವುದು ಅದನ್ನೇ. ದಯವಿಟ್ಟು ಹಾಗೆ ಮಾಡಬೇಡಿ. ಲೆನ್ಸಿನ ದೋಷಕ್ಕೆ ಕ್ಯಾಮೆರಾವನ್ನು ಹೊಂದಿಸಿದರೆ ಆ ಒಂದು ಲೆನ್ಸ್ ಸರಿಯಾದಂತೆ ಕಾಣುತ್ತದೆ, ಉಳಿದ ಎಲ್ಲ ಲೆನ್ಸೂ ಕೆಡುತ್ತವೆ. ಆಮೇಲೆ ಮೂಲ ಎಲ್ಲಿತ್ತು ಎಂದು ಹುಡುಕುವುದು ಇನ್ನೂ ಕಷ್ಟ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ. ಯಾವುದು ಸರಿ ಇದೆ ಎಂದು ಒಂದೊಂದಾಗಿ ಖಚಿತ ಮಾಡಿಕೊಳ್ಳಿ. ಅಲ್ಲಿಯವರೆಗೆ ಸ್ಕ್ರೂಡ್ರೈವರ್ ಪೆಟ್ಟಿಗೆಯಲ್ಲೇ ಇರಲಿ.

ಇಂಡಸ್ಟಾರ್ ಲೆನ್ಸಿನಲ್ಲಿ ಚಿತ್ರಗಳು ಚೆನ್ನಾಗಿಯೇ ಬರುತ್ತಿದ್ದವು. ಹಾಗಾದರೆ ಕ್ಯಾಮೆರಾ ಸರಿ ಇದೆ, ಜುಪಿಟರ್ ಕೆಟ್ಟಿದೆ ಎಂದು ಅಲ್ಲೇ ತೀರ್ಮಾನಿಸಬಹುದಿತ್ತಲ್ವಾ? ಅಷ್ಟು ಸುಲಭ ಇಲ್ಲ. ಕಣ್ಣಿಗೆ ಶಾರ್ಪ್ ಕಾಣುವ ಚುಕ್ಕೆಯ ಗಾತ್ರ 0.03 ಮಿ.ಮೀ. ಎಂದು ಹಿಡಿದರೆ, ಎಫ್ 2ರಲ್ಲಿ ಫಿಲಂ ಹತ್ತಿರ ಸಿಗುವ ರಿಯಾಯಿತಿ ಆಚೆಗೆ ಈಚೆಗೆ 0.06 ಮಿ.ಮೀ. ಮಾತ್ರ. ಎಫ್ 3.5ರಲ್ಲಿ ಅದು 0.1 ಮಿ.ಮೀ. ದಾಟುತ್ತದೆ. ಇಂಡಸ್ಟಾರನ್ನು ನಾನು ಬಳಸುವುದು ಬಿಸಿಲಿನಲ್ಲಿ, ಎಫ್ 8ರಲ್ಲಿ. ಅಲ್ಲಿ ಎಂಥ ದೋಷವೂ ಅಡಗಿಕೊಳ್ಳುತ್ತದೆ. ಚಿತ್ರ ಚೆನ್ನಾಗಿದೆ ಎಂಬುದು ಸಾಕ್ಷಿ ಆಗುವುದಿಲ್ಲ, ಅಳೆಯಲೇಬೇಕು.

ಮೊದಲು ರೇಂಜ್‌ಫೈಂಡರ್. ಇದಕ್ಕೆ ಬೇಕಾದದ್ದು ಬಹಳ ದೂರದ, ನೆಟ್ಟಗೆ ನಿಂತ ಒಂದು ಗೆರೆ. ಬಿಂಬ ಸರಿಯುವುದು ಅಡ್ಡಕ್ಕೆ, ಹಾಗಾಗಿ ಲಂಬ ಅಂಚಿನ ಮೇಲೆ ತಪ್ಪು ಬೇಗ ಕಾಣುತ್ತದೆ. ಕಾರವಾರದಲ್ಲಿ ಇದಕ್ಕೆ ಬರವಿಲ್ಲ. ಟಾಗೋರ್ ಬೀಚಿಗೆ ಹೋಗಿ ಸಮುದ್ರದ ನಡುವೆ ದೇವಗಡ ದ್ವೀಪದ ಲೈಟ್‌ಹೌಸ್ ಹಿಡಿದೆ. ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ, ಅದು ಕಾಣುವುದೇ ಇಲ್ಲ. ಮಳೆ ಬಿಟ್ಟ ಮೇಲಿನ ಬೆಳಗ್ಗೆ, ಬಿಸಿಲೇರಿ ಗಾಳಿ ನಡುಗಲು ಶುರುವಾಗುವ ಮೊದಲು, ಚೆನ್ನಾಗಿ ಕಾಣುತ್ತದೆ. ಉದ್ದ ಲೆನ್ಸ್, ಟ್ರೈಪಾಡ್ ಹಿಡಿದು ಹೋಗುವವರಿಗೆ ಒಂದು ಮಾತು. ದಕ್ಷಿಣದಲ್ಲಿ ಅರಗಾ ಕಡೆ ನೌಕಾನೆಲೆ ಇದೆ. ಆ ದಿಕ್ಕಿಗೆ ಕ್ಯಾಮೆರಾ ತಿರುಗಿಸಬಾರದು. ಕಾಳಿ ನದಿಯ ಆಚೆಯ ಸದಾಶಿವಗಡ ಗುಡ್ಡ, ಸೇತುವೆಯ ಕಂಬಗಳು ಕೂಡ ಈ ಕೆಲಸಕ್ಕೆ ಆಗುತ್ತವೆ.

ಜುಪಿಟರನ್ನು ಇನ್ಫಿನಿಟಿಗೆ, ಅಂದರೆ ಅತಿ ದೂರಕ್ಕೆ ಫೋಕಸ್ ಆಗುವ ರಿಂಗಿನ ಕೊನೆಗೆ, ತಾಗಿಸಿ ನೋಡಿದೆ. ಲೈಟ್‌ಹೌಸಿನ ಎರಡು ಬಿಂಬಗಳು ಒಂದಾದವು. ಇಂಡಸ್ಟಾರ್ ಹಾಕಿದೆ, ಆಗಲೂ ಒಂದಾದವು. ಎರಡನೇ ಬಿಂಬ ಕೂದಲೆಳೆಯಷ್ಟು ಮೇಲಿತ್ತು. ಅದು ಕಣ್ಣಿಗೆ ಕಿರಿಕಿರಿ ಅಷ್ಟೇ, ದೂರದ ಲೆಕ್ಕಕ್ಕೆ ಅದರಿಂದ ತೊಂದರೆ ಇಲ್ಲ. ಎರಡು ಬೇರೆ ಲೆನ್ಸ್‌ಗಳು ರೇಂಜ್‌ಫೈಂಡರಿನಲ್ಲಿ ಒಂದೇ ಉತ್ತರ ಕೊಟ್ಟವು. ಇನ್ಫಿನಿಟಿ ಕೊನೆಯಲ್ಲಿ ತೋಳು ಸರಿಯಾಗಿದೆ ಎಂದು ಬರೆದುಕೊಂಡೆ.

ಎರಡನೆಯದು ಮೌಂಟಿನಿಂದ ಫಿಲಂವರೆಗಿನ ಅಂತರ. ಇದಕ್ಕೆ ಫಿಲಂ ಕೂರುವ ಜಾಗದಲ್ಲಿ ಒಂದು ಉಜ್ಜಿದ ಗಾಜು ಬೇಕು. ಫೋಟೋ ಫ್ರೇಮ್ ಹಾಕುವ ಅಂಗಡಿಯಲ್ಲಿ ತೆಳು ಗಾಜಿನ 35 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಕೊಟ್ಟರು. ಅಗಲ ಮುಖ್ಯ. ಫಿಲಂ ಗೇಟಿನಲ್ಲಿ ಎರಡು ಜೋಡಿ ಹಳಿಗಳಿವೆ. ಹೊರಗಿನ ಜೋಡಿಯ ಮೇಲೆ ಹಿಂಬದಿಯ ಒತ್ತುಪಟ್ಟಿ ಕೂರುತ್ತದೆ, ಒಳಗಿನ ಜೋಡಿಯ ಮೇಲೆ ಫಿಲಂ. ಗಾಜು ಒಳಗಿನ ಜೋಡಿಯ ಮೇಲೇ ಕೂರಬೇಕು. ಅಗಲ ಜಾಸ್ತಿಯಾದರೆ ಅದು ಹೊರಗಿನ ಹಳಿಯ ಮೇಲೆ ನಿಂತು ಇಡೀ ಅಳತೆ ಕೆಡುತ್ತದೆ.

ಗಾಜು ಉಜ್ಜಲು ಆಟೋಮೊಬೈಲ್ ಅಂಗಡಿಯ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ತಂದೆ. ಬೋಟಿನ ಇಂಜಿನ್ ರಿಪೇರಿಯವರ ಹತ್ತಿರ ಯಾವಾಗಲೂ ಇರುತ್ತದೆ. ನಯವಾದ ಪೇಸ್ಟ್ ಸ್ವಲ್ಪ ತೆಗೆದು, ಎರಡು ಹನಿ ನೀರು ಹಾಕಿ, ಇನ್ನೊಂದು ಗಾಜಿನ ತುಂಡಿನಿಂದ ಸುತ್ತು ಸುತ್ತಾಗಿ ಉಜ್ಜಿದರೆ ಹಾಲಿನ ಬಣ್ಣ ಬರುತ್ತದೆ. ಅವಸರ ಮಾಡಬಾರದು. ಎಷ್ಟು ನಯವಾಗಿ ಉಜ್ಜಿರುತ್ತೀರೋ ಅಷ್ಟು ಸಣ್ಣ ವಿವರ ಆಮೇಲೆ ಕಾಣುತ್ತದೆ. ಚೆನ್ನಾಗಿ ತೊಳೆದು, ಉಜ್ಜಿದ ಬದಿಯ ಮೇಲೆ ಚೂಪಾದ ಪೆನ್ಸಿಲಿನಿಂದ ಒಂದು ಕೂಡು ಗುರುತು ಹಾಕಿದೆ. ಕ್ಯಾಮೆರಾದಲ್ಲಿ ಇಡುವಾಗ ಉಜ್ಜಿದ ಬದಿ ಲೆನ್ಸ್ ಕಡೆಗೇ ಇರಬೇಕು. ಉಲ್ಟಾ ಇಟ್ಟರೆ ಗಾಜಿನ ದಪ್ಪ ಅಳತೆಗೆ ಸೇರಿಕೊಳ್ಳುತ್ತದೆ.

ಜೊರ್ಕಿ-4ರ ಹಿಂಬದಿ ತಳದ ಸಮೇತ ಪೂರ್ತಿ ಕಳಚಿ ಬರುತ್ತದೆ. ಹಾಗಾಗಿ ಗಾಜು ಇಟ್ಟು ರಬ್ಬರ್ ಬ್ಯಾಂಡ್ ಹಾಕುವುದು ಸುಲಭ. ಶಟರನ್ನು ಬಿ ಗೆ (ಒತ್ತಿದಷ್ಟು ಹೊತ್ತು ತೆರೆದೇ ಇರುವ ಸ್ಥಾನ) ಇಟ್ಟು, ಕೇಬಲ್ ಹಾಕಿ ತೆರೆದು ಹಿಡಿಯಬೇಕು. ಇಲ್ಲಿ ಒಂದು ಎಚ್ಚರಿಕೆ. ಈ ಕ್ಯಾಮೆರಾದಲ್ಲಿ ಮೊದಲು ಫಿಲಂ ಗುಬ್ಬಿ ತಿರುಗಿಸಿ ಶಟರ್ ಎಳೆಯಬೇಕು. ಸ್ಪೀಡ್ ಬದಲಾಯಿಸುವುದು ಆಮೇಲೆ. ಕ್ರಮ ತಪ್ಪಿದರೆ ಒಳಗಿನ ಯಂತ್ರಕ್ಕೆ ಪೆಟ್ಟಾಗುತ್ತದೆ.

ಅಳೆಯಲು ಡೆಪ್ತ್ ಮೈಕ್ರೋಮೀಟರ್ ಬೇಕಿತ್ತು. ಬಂದರಿನ ಹತ್ತಿರ ಬೋಟಿನ ಶಾಫ್ಟ್ ತಿರುವುವ ಒಂದು ಲೇತ್ ಅಂಗಡಿ ಇದೆ. ಅಲ್ಲಿಯ ಯಜಮಾನರು ತಮ್ಮದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾರೆ. ಕ್ಯಾಮೆರಾ ನೋಡಿ, "ಇದಕ್ಕೆ ನಮ್ಮ ಮೈಕ್ರೋಮೀಟರ್ ಎಂತಕ್ಕೆ?" ಎಂದು ಕೇಳಿದರು. ವಿಷಯ ಹೇಳಿದ ಮೇಲೆ ತಾವೇ ಕೈ ಒರೆಸಿಕೊಂಡು ಅಳೆಯಲು ಕೂತರು. ಮೌಂಟಿನ ಮುಖದ ಮೇಲೆ ಉಪಕರಣ ಇಟ್ಟು, ಕಡ್ಡಿಯನ್ನು ಗಾಜಿಗೆ ಮೆಲ್ಲಗೆ ತಾಗಿಸಿ, ನಾಲ್ಕು ಮೂಲೆ ನೋಡಿದರು. ಎಲ್ಲ ಕಡೆ 28.79ಕ್ಕೂ 28.81ಕ್ಕೂ ನಡುವೆಯೇ ಬಂತು. ಈ ಕ್ಯಾಮೆರಾಗಳಲ್ಲಿ ಮೌಂಟಿನ ಕೆಳಗೆ ಶಿಮ್‌ಗಳು, ಅಂದರೆ ಅಂತರ ಸರಿಮಾಡಲು ಹಾಕುವ ತೆಳು ತುಂಡುಗಳು, ಇರುತ್ತವೆ. ಶಟರ್ ಪರದೆ ಬದಲಿಸುವಾಗ ಯಾರಾದರೂ ಅವನ್ನು ಬಿಟ್ಟಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿತ್ತು. ನಮ್ಮದರಲ್ಲಿ ಯಾರೂ ಮುಟ್ಟಿಲ್ಲ. "ಇದು ಸರಿ ಉಂಟು, ಬೇರೆ ಕಡೆ ನೋಡಿ" ಎಂದರು.

ಉಳಿದದ್ದು ಲೆನ್ಸ್. ಗಾಜಿನ ಮೇಲೆ ದೂರದ ವಸ್ತುವಿನ ಬಿಂಬ ಬೀಳಿಸಿ ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿ) ನೋಡುವುದು ಒಂದು ದಾರಿ. ಆದರೆ ಮನೆಯಲ್ಲೇ ಉಜ್ಜಿದ ಗಾಜಿನ ಕಾಳು ದೊಡ್ಡದು, ಹತ್ತನೇ ಒಂದು ಮಿಲಿಮೀಟರ್ ವ್ಯತ್ಯಾಸ ಹಿಡಿಯುವುದು ಕಷ್ಟ. ಇದಕ್ಕಿಂತ ಒಳ್ಳೆಯ ಉಪಾಯ ಬೆಳಕನ್ನು ಉಲ್ಟಾ ಕಳಿಸುವುದು. ಗಾಜಿನ ಹಿಂದೆ ಮೊಬೈಲ್ ಟಾರ್ಚ್ ಹಚ್ಚಿ. ಪೆನ್ಸಿಲ್ ಗುರುತಿನ ಬೆಳಕು ಲೆನ್ಸ್ ಮೂಲಕ ಹೊರಗೆ ಹೋಗುತ್ತದೆ. ಲೆನ್ಸ್ ಸರಿಯಾಗಿ ಇನ್ಫಿನಿಟಿಯಲ್ಲಿ ಇದ್ದರೆ ಆ ಗುರುತು ಅನಂತ ದೂರದಲ್ಲಿ ಇರುವಂತೆ ಕಾಣಬೇಕು. ಅದನ್ನು ನೋಡಲು ಎದುರಿಗೆ ಇನ್ನೊಂದು ಕ್ಯಾಮೆರಾ ಇಡುವುದು. ನನ್ನ ಹತ್ತಿರ ಹಳೇ ಡಿಜಿಟಲ್ ಎಸ್‌ಎಲ್‌ಆರ್, 135 ಮಿ.ಮೀ. ಲೆನ್ಸ್ ಇತ್ತು.

ಎಸ್‌ಎಲ್‌ಆರ್ ಲೆನ್ಸಿನ ಮೇಲೆ ಇರುವ ಇನ್ಫಿನಿಟಿ ಗುರುತನ್ನು ನಂಬಬಾರದು. ಉದ್ದ ಲೆನ್ಸ್‌ಗಳಲ್ಲಿ ಬಹಳಷ್ಟು ಅದನ್ನು ದಾಟಿ ತಿರುಗುತ್ತವೆ. ಅದಕ್ಕೇ ಬೀಚಿನಲ್ಲೇ ಲೈಟ್‌ಹೌಸಿಗೆ ಲೈವ್ ವ್ಯೂ ದೊಡ್ಡದು ಮಾಡಿ ಫೋಕಸ್ ಮಾಡಿ, ರಿಂಗ್ ಅಲುಗದಂತೆ ಟೇಪ್ ಸುತ್ತಿ ಮನೆಗೆ ತಂದಿದ್ದೆ. ಮೇಜಿನ ಮೇಲೆ ಎರಡೂ ಕ್ಯಾಮೆರಾಗಳನ್ನು ಮುಖಾಮುಖಿ ಇಟ್ಟು, ಎತ್ತರಕ್ಕೆ ಪುಸ್ತಕ ಕೊಟ್ಟು, ಕೋಣೆಯ ದೀಪ ಆರಿಸಿದೆ. ಉದ್ದ ಲೆನ್ಸ್ ಯಾಕೆ ಬೇಕೆಂದರೆ ಅದು ತಪ್ಪನ್ನು ಹಿಗ್ಗಿಸಿ ತೋರಿಸುತ್ತದೆ. ಎರಡು ಲೆನ್ಸಿನ ಫೋಕಲ್ ಲೆಂಗ್ತ್‌ಗಳ ಅನುಪಾತದ ವರ್ಗದಷ್ಟು ಹಿಗ್ಗುತ್ತದೆ. ಇಲ್ಲಿ ಅದು ಆರೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ.

ಮೊದಲು ಇಂಡಸ್ಟಾರ್, ಪೂರ್ತಿ ತೆರೆದು, ಇನ್ಫಿನಿಟಿಗೆ ತಾಗಿಸಿ. ಎಸ್‌ಎಲ್‌ಆರ್ ಪರದೆಯಲ್ಲಿ ಪೆನ್ಸಿಲ್ ಗೆರೆ, ಗೆರೆಯ ಒರಟು ಅಂಚು, ಗಾಜಿನ ಕಾಳು ಎಲ್ಲ ನಿಚ್ಚಳವಾಗಿ ಕಂಡಿತು. ಆಮೇಲೆ ಜುಪಿಟರ್. ಗೆರೆ ಇರುವ ಕಡೆ ಒಂದು ಬೂದು ಪಟ್ಟಿ ಮಾತ್ರ. ರಿಂಗನ್ನು ಇನ್ಫಿನಿಟಿಯಿಂದ ಮೆಲ್ಲಗೆ ಹತ್ತಿರದ ಕಡೆಗೆ ತಿರುಗಿಸಿದೆ. ಪಟ್ಟಿ ಕಿರಿದಾಗುತ್ತ ಬಂದು ಗೆರೆಯಾಯಿತು. ನಿಲ್ಲಿಸಿ ಸ್ಕೇಲ್ ನೋಡಿದರೆ 10 ಮೀಟರ್ ಗುರುತಿಗೂ ಇನ್ಫಿನಿಟಿಗೂ ನಟ್ಟನಡುವೆ ಇತ್ತು. ದೋಷ ಯಾವ ಭಾಗದಲ್ಲಿ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆ ಜಾಗದಿಂದಲೇ ದೋಷದ ಅಳತೆಯೂ ಸಿಗುತ್ತದೆ. ರಿಂಗ್ ಎಷ್ಟು ತಿರುಗಿತೋ ಲೆನ್ಸ್ ಅಷ್ಟೇ ಪ್ರಮಾಣದಲ್ಲಿ ಮುಂದೆ ಬರುತ್ತದೆ. ಹಾಗಾಗಿ 10 ಮೀಟರಿಗೂ ಇನ್ಫಿನಿಟಿಗೂ ನಡುವಿನ ಜಾಗ ಅಂದರೆ 20 ಮೀಟರ್. ಜುಪಿಟರ್-8ರ ನಿಜವಾದ ಫೋಕಲ್ ಲೆಂಗ್ತ್ 52.4 ಮಿ.ಮೀ. ಅದನ್ನು ಅದರಿಂದಲೇ ಗುಣಿಸಿ 20,000ದಿಂದ ಭಾಗಿಸಿದರೆ 0.137 ಮಿ.ಮೀ. ಬರುತ್ತದೆ. ಗಾಜಿನ ಭಾಗ ಇರಬೇಕಾದ ಜಾಗಕ್ಕಿಂತ ಅಷ್ಟು ಹಿಂದೆ, ಫಿಲಂ ಕಡೆಗೆ ಕೂತಿದೆ.

ಈ ಸಂಖ್ಯೆ ನಿಜವೇ ಎಂದು ಚಿತ್ರಗಳನ್ನೇ ಕೇಳಬಹುದು. 1.5 ಮೀಟರಿಗೆ ಫೋಕಸ್ ಮಾಡಿದಾಗ ಲೆನ್ಸ್ 0.137 ಮಿ.ಮೀ. ಕಡಿಮೆ ಮುಂದೆ ಬಂದರೆ ಶಾರ್ಪ್ ಬೀಳುವುದು ಸುಮಾರು 10 ಸೆಂ.ಮೀ. ಹಿಂದೆ. ಎಫ್ 2ರಲ್ಲಿ ಆ ದೂರಕ್ಕೆ ಸಿಗುವ ಆಳ, ಅಂದರೆ ಶಾರ್ಪ್ ಕಾಣುವ ವ್ಯಾಪ್ತಿ, ಆಚೆ ಈಚೆ ನಾಲ್ಕೂವರೆ ಸೆಂ.ಮೀ. ಕೂಡ ಇಲ್ಲ. ಕಣ್ಣಿನಿಂದ 10 ಸೆಂ.ಮೀ. ಹಿಂದೆ ಏನಿದೆ? ಕಿವಿ, ಕಿವಿಯಾಚೆ ತುರುಬು, ಹೂವು. ಲೆಕ್ಕ ಮತ್ತು ನೆಗೆಟಿವ್ ಒಂದೇ ಮಾತು ಹೇಳಿದಾಗ ಆಗುವ ಸಂತೋಷ ದೊಡ್ಡದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ರೇಂಜ್‌ಫೈಂಡರ್ ಸ್ಕ್ರೂ ತಪ್ಪಿದ್ದರೂ ಫಿಲಂ ಮೇಲೆ ಇಂಥದೇ ತಪ್ಪು ಬರುತ್ತಿತ್ತು. ಎರಡರಲ್ಲೂ ದೂರ ಹೆಚ್ಚಿದಂತೆ ಸೆಂಟಿಮೀಟರ್ ಲೆಕ್ಕದ ತಪ್ಪು ಬೇಗ ಬೇಗ ಬೆಳೆಯುತ್ತದೆ. ಇದೇ 0.137 ಮಿ.ಮೀ. ದೋಷ 1 ಮೀಟರಿನಲ್ಲಿ 4 ಸೆಂ.ಮೀ. ಆದರೆ 2 ಮೀಟರಿನಲ್ಲಿ ಹತ್ತಿರ ಹತ್ತಿರ 20 ಸೆಂ.ಮೀ. ಹೀಗಾಗಿ ಬರೀ ಟೆಸ್ಟ್ ಚಿತ್ರ ತೆಗೆದು ಯಾವುದು ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ. ಇನ್ಫಿನಿಟಿಯಲ್ಲಿ ಕಿಟಕಿ ಏನು ಹೇಳುತ್ತದೆ, ಗಾಜು ಏನು ಹೇಳುತ್ತದೆ, ಎರಡನ್ನೂ ಬೇರೆ ಬೇರೆ ಕೇಳಬೇಕು. ನಾನು ಸುಮ್ನೆ ಸ್ಕ್ರೂ ತಿರುಗಿಸಿ ಜುಪಿಟರಿಗೆ ಹೊಂದಿಸಿದ್ದರೆ, ಇಂಡಸ್ಟಾರ್ ಅಷ್ಟೇ ಪ್ರಮಾಣದಲ್ಲಿ ಮುಂದಕ್ಕೆ ತಪ್ಪುತ್ತಿತ್ತು.

ಇನ್ಫಿನಿಟಿ ಸರಿ ಇದ್ದು ಹತ್ತಿರದಲ್ಲಿ ಮಾತ್ರ ತಪ್ಪುವುದು ಬೇರೆ ಜಾತಿಯ ದೋಷ. ತೋಳಿನ ತುದಿ ಸವೆದಿರಬಹುದು, ತಿರುಚಿರಬಹುದು. ಅಥವಾ ಲೆನ್ಸ್, ಕ್ಯಾಮೆರಾ ಬೇರೆ ಬೇರೆ ಅಳತೆಗೆ ಮಾಡಿದವು ಆಗಿರಬಹುದು. ರಷ್ಯಾದ ಲೆನ್ಸನ್ನು ಜರ್ಮನಿಯ ಲೈಕಾ ಕ್ಯಾಮೆರಾಗೆ ಹಾಕುವವರು ಅನುಭವಿಸುವುದು ಇದನ್ನೇ. ಲೈಕಾ 51.6 ಮಿ.ಮೀ. ಫೋಕಲ್ ಲೆಂಗ್ತ್ ಲೆಕ್ಕಕ್ಕೆ ಮಾಡಿದ್ದು. ಜುಪಿಟರ್ ಝೈಸ್‌ನ ಹಳೇ ಕಾಂಟ್ಯಾಕ್ಸ್ ಕ್ಯಾಮೆರಾದ ಲೆನ್ಸ್‌ಗಳ 52.4 ಉಳಿಸಿಕೊಂಡಿದೆ. 1 ಮೀಟರಿಗೆ ಇವೆರಡರ ಚಲನೆಯ ವ್ಯತ್ಯಾಸ 0.1 ಮಿ.ಮೀ. ಎದುರಿನ ವಸ್ತುವಿನಲ್ಲಿ ಸುಮಾರು 3 ಸೆಂ.ಮೀ. ತಪ್ಪು. ಅಲ್ಲಿ ಇನ್ಫಿನಿಟಿ, ಹತ್ತಿರ ಎರಡೂ ಸರಿ ಮಾಡಲು ಆಗುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ನನ್ನ ಹತ್ತಿರ ಎರಡೂ ಕ್ರಾಸ್ನೋಗೋರ್ಸ್ಕ್‌ನವೇ, ಆ ಚಿಂತೆ ಇರಲಿಲ್ಲ.

ಗಾಜಿನ ಭಾಗ ಯಾಕೆ ಹಿಂದೆ ಹೋಯಿತು? ನಮ್ಮ ಕರಾವಳಿಯಲ್ಲಿ ಲೆನ್ಸ್ ಇಟ್ಟುಕೊಂಡವರಿಗೆ ಕಾರಣ ಊಹಿಸುವುದು ಕಷ್ಟವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಹವೆ. ಕಪಾಟಿನಲ್ಲಿಟ್ಟ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ಜುಪಿಟರಿಗೂ ಹಿಡಿದಿತ್ತು. ಮಾವನ ಕಾಲದಲ್ಲೇ ಬೇರೆ ಊರಿನ ಒಂದು ರಿಪೇರಿ ಅಂಗಡಿಯಲ್ಲಿ ಬಿಚ್ಚಿ ಕ್ಲೀನ್ ಮಾಡಿಸಿದ್ದರು. ಗಾಜು ಚೆನ್ನಾಗಿ ಒರೆಸಿದ್ದಾರೆ, ಒಂದು ಗೀರೂ ಇಲ್ಲ.

ಈ ಲೆನ್ಸಿನಲ್ಲಿ ಗಾಜುಗಳಿರುವ ಕೊಳವೆ ಇಡಿಯಾಗಿ ಒಂದೇ ತುಂಡಾಗಿ ಫೋಕಸ್ ಮೌಂಟಿನಿಂದ ಹೊರಗೆ ಬರುತ್ತದೆ. ಅದು ಕೂರುವ ಅಂಚಿನ ಮೇಲೆ ತೆಳುವಾದ ಲೋಹದ ಶಿಮ್ ರಿಂಗ್ ಇರುತ್ತದೆ. ಕಾರ್ಖಾನೆಯಲ್ಲಿ ಪ್ರತಿ ಲೆನ್ಸಿಗೂ ಅಳೆದು ಹಾಕುವುದು. ಹಾಗಾಗಿ ಒಂದು ಲೆನ್ಸಿನ ಶಿಮ್ ಇನ್ನೊಂದಕ್ಕೆ ಆಗುವುದಿಲ್ಲ. ಕೊಳವೆ ತೆಗೆದು ನೋಡಿದೆ. ಅಂಚಿನ ಮೇಲೆ ಒಂದು ರಿಂಗ್ ಇತ್ತು. ಆದರೆ ಅದರ ಪಕ್ಕದಲ್ಲಿ, ಹಳೇ ಗ್ರೀಸಿನ ನಡುವೆ, ಇನ್ನೊಂದು ರಿಂಗ್ ಕೂತಿದ್ದ ಸ್ವಚ್ಛ ಗುರುತು ಕೂಡ ಇತ್ತು. ಎರಡಿದ್ದವು, ಒಂದು ವಾಪಸ್ ಬಂದಿಲ್ಲ.

ಹೊಸ ರಿಂಗ್ ಹಾಕುವ ಮೊದಲು ಹೆಲಿಕಲ್, ಅಂದರೆ ಲೆನ್ಸನ್ನು ಹಿಂದೆ ಮುಂದೆ ಸರಿಸುವ ತಿರುಪು, ಒಮ್ಮೆ ನೋಡಿಕೊಳ್ಳಬೇಕು. ಫೋಕಸ್ ಎಳೆಗಳು ಒಂದಲ್ಲ, ಹಲವು ಕಡೆಯಿಂದ ಶುರುವಾಗುತ್ತವೆ. ಬಿಚ್ಚಿ ಜೋಡಿಸುವಾಗ ತಪ್ಪು ಎಳೆಯಿಂದ ಶುರು ಮಾಡಿದರೆ ಇನ್ಫಿನಿಟಿ ಗುರುತು ಬೇರೆಲ್ಲೋ ನಿಲ್ಲುತ್ತದೆ. ಅಂಥ ಲೆನ್ಸಿಗೆ ಶಿಮ್ ಹಾಕುವುದು ವ್ಯರ್ಥ. ನಮ್ಮದರಲ್ಲಿ ಗುರುತು ನೇರ ಕೂತಿತ್ತು, ರೇಂಜ್‌ಫೈಂಡರ್ ಕೂಡ ಅದನ್ನು ಒಪ್ಪಿತ್ತು.

ಶಿಮ್ ಯಾವುದರಿಂದ ಮಾಡುವುದು? ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ಇರುತ್ತದೆ, ಕೆಲವರು ಅದನ್ನೇ ಕತ್ತರಿಸುತ್ತಾರೆ. ಹಳೇ ಫಿಲಂ ತುಂಡು ಹಾಕುವವರೂ ಇದ್ದಾರೆ. ನಮ್ಮ ಹವೆಯಲ್ಲಿ ಫಿಲಂ ನನಗೆ ಬೇಡ, ತೇವ ಕುಡಿಯುತ್ತದೆ, ಒತ್ತಿದರೆ ತೆಳ್ಳಗಾಗುತ್ತದೆ. ಇಂಜಿನ್ ಕೆಲಸದವರು ಬಳಸುವ ಹಿತ್ತಾಳೆ ಶಿಮ್ ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು. 0.1 ಮತ್ತು 0.05 ಮಿ.ಮೀ. ಹಾಳೆಗಳು ಅದೇ ಲೇತ್ ಅಂಗಡಿಯಲ್ಲಿ ಇದ್ದವು. ಎರಡೂ ಸೇರಿದರೆ 0.15. ಬೇಕಾದದ್ದಕ್ಕಿಂತ 0.013 ಜಾಸ್ತಿ, ಆದರೆ ಎಫ್ 2ರ 0.06ರ ರಿಯಾಯಿತಿಯಲ್ಲಿ ಅದು ಲೆಕ್ಕಕ್ಕಿಲ್ಲ.

ಕತ್ತರಿಯಲ್ಲಿ ಕತ್ತರಿಸುವ ಯೋಚನೆ ನನ್ನದಾಗಿತ್ತು. ಯಜಮಾನರು ಬೇಡ ಎಂದರು. "ಕತ್ತರಿ ಹಾಕಿದ್ರೆ ಅಂಚು ಏಳ್ತದೆ ಮಾರಾಯ್ರೆ. ಎರಡು ಪ್ಲೈವುಡ್ ನಡುವೆ ಕಚ್ಚಿಸಿ ಲೇತಿಗೆ ಹಾಕುವ." ಹಾಗೇ ಮಾಡಿದರು. ಮರದ ಎರಡು ಬಿಲ್ಲೆಗಳ ನಡುವೆ ಹಾಳೆಗಳನ್ನು ಬಿಗಿದು, ಹೊರಗಿನ ಸುತ್ತು ಮೊದಲು, ಒಳಗಿನದು ಆಮೇಲೆ ತಿರುವಿದರು. ಬಿಲ್ಲೆ ಬಿಚ್ಚಿದಾಗ ಎರಡು ಹಿತ್ತಾಳೆ ರಿಂಗ್ ಒಂದು ಮಡಿಕೆಯೂ ಇಲ್ಲದೆ ಹೊರಗೆ ಬಂದವು. ಅಂಚು ಏಳುವುದು ಸಣ್ಣ ವಿಷಯವಲ್ಲ. ರಿಂಗಿನ ಒಂದು ಬದಿ ಎದ್ದಿದ್ದರೆ ಗಾಜಿನ ಕೊಳವೆ ಓರೆಯಾಗಿ ಕೂರುತ್ತದೆ. ಆಗ ಚಿತ್ರದ ಎಡ ಭಾಗ ಶಾರ್ಪ್, ಬಲ ಭಾಗ ಮಸುಕು ಎಂಬ ಹೊಸ ರೋಗ ಶುರುವಾಗುತ್ತದೆ. ಮನೆಗೆ ತಂದು, ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ ಒಮ್ಮೆ ಮೆಲ್ಲಗೆ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಹಳೇ ರಿಂಗಿನ ಜೊತೆ ಕೂರಿಸಿದೆ. ಕೊಳವೆಯನ್ನು ಕೈಗೆ ಸಿಗುವಷ್ಟು ಬಿಗಿ ಮಾಡಿದರೆ ಸಾಕು.

ಮತ್ತೆ ಅದೇ ಮೇಜು, ಅದೇ ಟಾರ್ಚ್. ಟೇಪ್ ಸುತ್ತಿದ ಎಸ್‌ಎಲ್‌ಆರ್‌ನಲ್ಲಿ ಈಗ ಜುಪಿಟರಿನ ಪೆನ್ಸಿಲ್ ಗೆರೆ ಇನ್ಫಿನಿಟಿಯಲ್ಲೇ ನಿಂತಿತು. ರಿಂಗನ್ನು ಚೂರು ಅಲುಗಿಸಿದರೂ ಮಸುಕಾಗುತ್ತಿತ್ತು.

ಆದರೂ ಕೊನೆಯ ಮಾತು ಫಿಲಂನದೇ. ಮೇಜಿನ ಮೇಲೆ ಬೆಂಕಿಪೊಟ್ಟಣಗಳನ್ನು ಒಂದರ ಹಿಂದೆ ಒಂದು, 2 ಸೆಂ.ಮೀ. ಅಂತರದಲ್ಲಿ, ಓರೆ ಸಾಲಾಗಿ ನಿಲ್ಲಿಸಿದೆ. ಓರೆ ಇಟ್ಟ ಸ್ಕೇಲಿಗಿಂತ ಇದು ವಾಸಿ. ಸ್ಕೇಲಿನ ಮೇಲೆ ರೇಂಜ್‌ಫೈಂಡರ್ ಯಾವ ಗೆರೆ ಹಿಡಿಯಿತು ಎಂದೇ ಗೊತ್ತಾಗುವುದಿಲ್ಲ. ಪೊಟ್ಟಣದ ಲಂಬ ಅಂಚು ಹಿಡಿಯಲು ಸುಲಭ, ಅಕ್ಷರಗಳು ಶಾರ್ಪ್ ಇವೆಯೇ ಎಂದು ನೋಡಲೂ ಸುಲಭ. ಟ್ರೈಪಾಡ್, ಎಫ್ 2, ನಡುವಿನ ಪೊಟ್ಟಣಕ್ಕೆ ಫೋಕಸ್. 1 ಮೀಟರ್, 1.5 ಮೀಟರ್, 2 ಮೀಟರ್. ಪ್ರತಿ ಸಲ ರಿಂಗನ್ನು ಇನ್ಫಿನಿಟಿ ಕಡೆಯಿಂದಲೇ ತಂದೆ. ಹಳೇ ಗ್ರೀಸಿರುವ ಲೆನ್ಸಿನಲ್ಲಿ ಎರಡು ಕಡೆಯಿಂದ ತಂದರೆ ಎರಡು ಉತ್ತರ ಬರುವುದುಂಟು. ದೂರ ಅಳೆಯುವುದು ಲೆನ್ಸಿನ ಮುಂಭಾಗದಿಂದ ಅಲ್ಲ, ಫಿಲಂ ಇರುವ ಜಾಗದಿಂದ ಎಂಬುದೂ ನೆನಪಿರಲಿ.

ಡೆವಲಪ್ ಮಾಡಿ ನೆಗೆಟಿವ್ ಒಣಗಿದ ಮೇಲೆ ಲೂಪ್‌ನಲ್ಲಿ ನೋಡಿದೆ. 1.5 ಮತ್ತು 2 ಮೀಟರಿನಲ್ಲಿ ಶಾರ್ಪ್ ಇದ್ದದ್ದು ನಡುವಿನ ಪೊಟ್ಟಣವೇ. 1 ಮೀಟರಿನಲ್ಲಿ ನಡುವಿನದು, ಜೊತೆಗೆ ಅದರ ಹಿಂದಿನದು ಸ್ವಲ್ಪ. ತೋಳಿನ ತುದಿಯನ್ನು ಮುಟ್ಟಬೇಕಾದಷ್ಟು ವ್ಯತ್ಯಾಸ ಅದಲ್ಲ, ಹಾಗೇ ಬಿಟ್ಟೆ. ಎಫ್ 4ರಲ್ಲಿ ತೆಗೆದವುಗಳಲ್ಲಿ ಶಾರ್ಪ್ ಭಾಗ ತುಸು ಹಿಂದಕ್ಕೆ ಸರಿದಿತ್ತು. ಇದು ಸೋನಾರ್ ಜಾತಿಯ ಗುಣ. ಅಪರ್ಚರ್ (ಲೆನ್ಸಿನ ಕಿಂಡಿ) ಇಳಿಸಿದಂತೆ ಫೋಕಸ್ ಹಿಂದಕ್ಕೆ ಹೋಗುತ್ತದೆ, ಆದರೆ ಆಳವೂ ಬೆಳೆಯುವುದರಿಂದ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಇದಕ್ಕಾಗಿಯೇ ಹೊಂದಾಣಿಕೆಯ ಪರೀಕ್ಷೆ ಯಾವಾಗಲೂ ಪೂರ್ತಿ ತೆರೆದ ಅಪರ್ಚರಿನಲ್ಲೇ ಆಗಬೇಕು. ಎಫ್ 4ರಲ್ಲಿ ನೋಡಿ ಶಿಮ್ ಅಳತೆ ತೀರ್ಮಾನಿಸಿದರೆ ಎಫ್ 2ರಲ್ಲಿ ಮುಂದಕ್ಕೆ ತಪ್ಪುತ್ತದೆ.

ಲೆನ್ಸನ್ನು ಈಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ಡಬ್ಬಿಯೊಳಗೆ ಒಂದು ಚೀಟಿ ಇದೆ. ಹಳೇ ರಿಂಗ್ ಒಂದು, ಹೊಸ ಹಿತ್ತಾಳೆ ರಿಂಗ್ 0.1 ಮತ್ತು 0.05, ಮೂರನ್ನೂ ವಾಪಸ್ ಹಾಕಬೇಕು ಎಂದು ಅದರಲ್ಲಿ ಬರೆದಿದೆ. ಫಂಗಸ್ ಮತ್ತೆ ಬರಬಹುದು, ಲೆನ್ಸನ್ನು ಇನ್ಯಾರೋ ಬಿಚ್ಚಬಹುದು. ಅವರಿಗೆ ಈ ಚೀಟಿ ಸಿಗಲಿ.